ತೊಯ್ದ ಸೆರಗು

ಕುಬಿಹಾಳ, ತಾ॥ ಕುಂದಗೋಳ
೮-೫-೨೦೨೪, ಬುಧವಾರ

ಮಗಳೇ ಸೀಮಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ನಿನ್ನ ಅತ್ತೆಯದೆಂದು ನಿನಗೆ ತಿಳಿದಿರುತ್ತದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳ ಕೈ ಇದು, ಸಾಲು ಕೆಳಕ್ಕೆ ಇಳಿಯುತ್ತದೆ. ರೇಷನ್ ಕಾರ್ಡಿನ ಅರ್ಜಿ ಬರೆಯುವಾಗ "ಅತ್ತಿ, ನಿಮ್ಮ ಸಾಲು ಕೆರಿಗೆ ನೀರು ಕುಡಿಯಾಕ ಹೊಂಟಾವ ನೋಡ್ರಿ" ಎಂದು ನೀನೇ ನಕ್ಕಿದ್ದೆ. ಹರಿದು ಒಲೆಗೆ ಹಾಕಬೇಕೆನ್ನಿಸಿದರೆ ಹಾಕು, ಆದರೆ ಓದಿ ಹಾಕು. ನಿನ್ನ ಮೈ ಹೇಗಿದೆ? ಸೊಂಟದ ನೋವು ಕಡಿಮೆಯಾಯಿತೇ? ಕೂದಲು ಇನ್ನೂ ಉದುರುತ್ತಿದೆಯೇ? ನಿನ್ನ ಬಾಣಂತನ ಅರ್ಧಕ್ಕೇ ನಿಂತಿತು. ಮಾಡಿಟ್ಟ ಅಂಟಿನುಂಡೆ ಡಬ್ಬಿಯಲ್ಲಿಯೇ ಉಳಿದು ಹುಳ ಬಿದ್ದವು, ನಾನೇ ತಿಪ್ಪೆಗೆ ಚೆಲ್ಲಿ ಬಂದೆ. ಅಲ್ಲಿ ನಿನ್ನ ಅತ್ತಿಗೆ ಹೊಟ್ಟೆಗೆ ಸರಿಯಾಗಿ ಹಾಕುತ್ತಾಳೋ ಇಲ್ಲವೋ, ಕೇಳಿದರೂ ನೀನು ಹೇಳುವವಳಲ್ಲ. ನಿನ್ನ ಅಣ್ಣ ಸಿದ್ದರಾಮ ಈ ಬಿಸಿಲಿನಲ್ಲಿ ರೈಲು ಹಳಿಯ ಮೇಲೆ ಕೆಲಸ ಮಾಡುವವನು, ತಲೆಗೆ ಟವೆಲ್ ಸುತ್ತಿಕೊಂಡು ಹೋಗಲು ಹೇಳು, ಮಜ್ಜಿಗೆ ಕಟ್ಟಿಕೊಡು. ಅಳ್ನಾವರಕ್ಕೆ ಕಾಡು ಹತ್ತಿರ, ಗಿಡದ ನೆರಳಾದರೂ ಸಿಕ್ಕೀತು. ನಮ್ಮ ಎರೆಹೊಲದಲ್ಲಿ ನೆರಳು ಬೇಕೆಂದರೆ ನಮ್ಮ ನೆರಳಿನಲ್ಲಿ ನಾವೇ ಕೂರಬೇಕು.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯೇನೋ. ಮೂರು ಸಲ ಹಚ್ಚಿದೆ. ನೀನು "ಹಲೋ, ಯಾರ್ರಿ?" ಎಂದ ಕೂಡಲೇ ಇಟ್ಟುಬಿಟ್ಟೆ. ಇಡೀ ಓಣಿಗೆ ಬಾಯಿ ಮಾಡುವ ಮೈಲಾರವ್ವನಿಗೆ ಮಾತು ಬರಲಿಲ್ಲವೆಂದರೆ ನೀನು ನಂಬಲಿಕ್ಕಿಲ್ಲ. ಅದಕ್ಕೇ ಈ ಕಾಗದ. ಕಾಗದಕ್ಕಾದರೆ ಎದುರು ಮಾತಾಡುವವರಿಲ್ಲ, ಅಳುವವರೂ ಇಲ್ಲ. ನಿನ್ನ ಗಂಡ ಬೀರೇಶ ಚೆನ್ನಾಗಿದ್ದಾನೆ ಎಂದು ಬರೆಯುವುದು ರೂಢಿ, ಆದರೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ಉಣ್ಣುತ್ತಾನೆ, ಹೊಲಕ್ಕೆ ಹೋಗುತ್ತಾನೆ, ಟ್ರ್ಯಾಕ್ಟರ್ ಬಾಡಿಗೆಗೆ ಹೊಡೆಯುತ್ತಾನೆ. ನಿಮ್ಮಿಬ್ಬರಿಗೆಂದು ಕಟ್ಟಿಸಿದ ತಗಡಿನ ಪತ್ರಾಸಿನ ಕೋಣೆಯ ಬಾಗಿಲು ಮಾತ್ರ ತೆರೆಯುವುದಿಲ್ಲ, ಪಡಸಾಲೆಯಲ್ಲಿ ಮಲಗುತ್ತಾನೆ. ನಿನ್ನ ಹೆಸರು ಎತ್ತಿದರೆ ಎದ್ದು ಹೊರಗೆ ಹೋಗುತ್ತಾನೆ. ಅವನು ನಿನಗೆ ಕೈ ಮಾಡಲಿಲ್ಲ, ಬೈಯಲೂ ಇಲ್ಲ, ಮುಖ ಕೊಟ್ಟು ಮಾತಾಡುವುದನ್ನಷ್ಟೇ ಬಿಟ್ಟ. ಎರಡು ತಿಂಗಳು ಅದನ್ನು ನೀನು ಹೇಗೆ ತಾಳಿದೆಯೋ, ನಾನಾಗಿದ್ದರೆ ಎರಡೇ ದಿನಕ್ಕೆ ಗಂಟು ಕಟ್ಟುತ್ತಿದ್ದೆ.

ಈಗ ಒಂದು ಹಕ್ಕಿಯ ಸುದ್ದಿ ಹೇಳಬೇಕು. ಅತ್ತೆಗೆ ಅರಳುಮರಳು ಹಿಡಿಯಿತು ಎಂದುಕೊಳ್ಳಬೇಡ, ನಾನು ಹೇಳಬೇಕಾದ ಮಾತಿಗೆ ಬೇರೆ ದಾರಿ ಸಿಗುತ್ತಿಲ್ಲ. ಯುಗಾದಿ ಮುಗಿದ ವಾರ ಹತ್ತಿಕಟ್ಟಿಗೆ ತರಲು ಕೆಳಗಿನ ಹೊಲಕ್ಕೆ ಹೋಗಿದ್ದೆ. ಕೃಷಿಹೊಂಡದಿಂದ ಈಚೆ ನೂರು ಹೆಜ್ಜೆ ದೂರದಲ್ಲಿ, ಬಯಲು ಬಿಸಿಲಲ್ಲಿ, ಒಂದು ಟಿಟ್ಟಿಭ ನಿಂತಿತ್ತು. ಬೀರೇಶ ಅದನ್ನು ಕೂಗುಮಾರಿ ಎನ್ನುತ್ತಾನಲ್ಲ, ಮನುಷ್ಯರನ್ನು ಕಂಡರೆ ಸಾಕು ತಲೆಯ ಮೇಲೆ ಸುತ್ತುತ್ತ ಒದರುವ ಉದ್ದ ಕಾಲಿನ ಹಕ್ಕಿ, ಅದೇ. ಹತ್ತಿರ ಹೋದೆ, ಹಾರಿತು. ಅದು ನಿಂತಲ್ಲಿ ಗೂಡೇನೂ ಇರಲಿಲ್ಲ. ಅಂಗೈಯಷ್ಟು ತಗ್ಗು, ಸುತ್ತ ನಾಲ್ಕು ಹರಳು, ಒಂದಿಷ್ಟು ಆಡಿನ ಹಿಕ್ಕಿ. ಅದರಲ್ಲಿ ನಾಲ್ಕು ತತ್ತಿ, ಚೂಪು ತುದಿಗಳನ್ನು ಒಳಕ್ಕೆ ಸೇರಿಸಿ ಇಟ್ಟಿತ್ತು. ಎರೆಮಣ್ಣಿನದೇ ಬಣ್ಣ, ಮೇಲೆ ಮಸಿ ಚುಕ್ಕೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿಯುತ್ತಿದ್ದೆ. ನಾನು ಊರಲ್ಲಿ ಇನ್ನೂರು ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು, ಹಡೆದದ್ದು ಯಾವ ಜಾತಿಯ ಜೀವವಾದರೂ ಅದನ್ನು ದಾಟಿ ಹೋಗಲು ನನಗೆ ಆಗುವುದಿಲ್ಲ. ದಿನವೂ ನೋಡಲು ಹೋಗತೊಡಗಿದೆ, ಕಟ್ಟಿಗೆಯ ನೆವ ಮಾಡಿಕೊಂಡು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಹೊತ್ತು ನೆತ್ತಿಗೆ ಬಂದಿತ್ತು. ಬದುವಿನ ಬನ್ನಿಗಿಡದ ಕೆಳಗೆ ಕುಳಿತು ರೊಟ್ಟಿ ಬಿಚ್ಚಿದ್ದೆ. ತತ್ತಿಯ ಮೇಲಿದ್ದ ಹಕ್ಕಿ ಎದ್ದು ಹೊಂಡದ ಕಡೆಗೆ ಹಾರಿತು. ನೀರು ಕುಡಿಯುವುದೇನೋ ಎಂದುಕೊಂಡೆ. ಅದು ನೀರಿಗೆ ಇಳಿದು ಹೊಟ್ಟೆಯವರೆಗೆ ಕುಳಿತುಬಿಟ್ಟಿತು. ಪುಕ್ಕ ಕೆದರಿಕೊಂಡು, ಹೊರಳಿ ಹೊರಳಿ ತೋಯಿಸಿಕೊಳ್ಳುತ್ತಿದೆ. ಅಲ್ಲಿ ತತ್ತಿ ಬಿಸಿಲಲ್ಲಿ ಬಿದ್ದಿವೆ, ಇಲ್ಲಿ ಇವಳ ಜಳಕ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟರಲ್ಲಿ ಅದು ಹಾರಿ ಬಂದು, ನೀರು ಸೋರುವ ಹೊಟ್ಟೆಯನ್ನು ಹಾಗೇ ತತ್ತಿಯ ಮೇಲೆ ಊರಿ ಕುಳಿತಿತು. ಹಸಿ ಹೊಟ್ಟೆ, ಬೆಚ್ಚಗಿರಬೇಕಾದ ತತ್ತಿಯ ಮೇಲೆ. ನಾನು ಕುಳಿತಲ್ಲಿಂದಲೇ ಗದರಿದೆ, "ಎಂಥಾ ತಾಯಿ ಬೇ ನೀ, ಥಂಡಿ ಹಿಡಿಸಿ ಕೊಲ್ತಿ ಏನು?" ಎಂದು. ಅಂದ ಮೇಲೆ ರೊಟ್ಟಿಯನ್ನು ಹಾಗೇ ತಿರುಗಿ ಕಟ್ಟಿಟ್ಟೆ. ಅವೇ ಮಾತು, ಅದೇ ದನಿ. ಹೋದ ವರ್ಷ ನೀನು ಹಡೆದ ಒಂಬತ್ತನೆಯ ದಿನ ಆ ಕೋಣೆಯ ಬಾಗಿಲಲ್ಲಿ ನಿಂತು ನಿನಗೆ ಅಂದದ್ದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ, ಏಕೆಂದರೆ ಇಷ್ಟು ದಿನ ನಾನು ಊರಿಗೆ ಹೇಳುತ್ತ ಬಂದದ್ದು ಬೇರೆ. ನಿನಗೆ ತಾಯಿ ಇಲ್ಲ, ಅದಕ್ಕೇ ಚೊಚ್ಚಲ ಬಾಣಂತನ ಅತ್ತೆಯ ಮನೆಯಲ್ಲಿ ಆಯಿತು. ತಾಯಿಯಿಲ್ಲದ ಹುಡುಗಿಗೆ ಯಾವುದಕ್ಕೂ ಕಡಿಮೆಯಾಗಬಾರದೆಂದು ನಾನು ಎಲ್ಲವನ್ನೂ ಒಂದು ತೂಕ ಹೆಚ್ಚೇ ಮಾಡಿದೆ. ಹೊಸ ಕೋಣೆಯ ಕಿಟಕಿ ಮುಚ್ಚಿ ಸಂದಿಗೆ ಅರಿವೆ ತುರುಕಿದೆ. ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು ಬೆಳ್ಳುಳ್ಳಿ ಸಿಪ್ಪೆ, ಅಜವಾನದ ಹೊಗೆ ಹಾಕಿದೆ. ಕೂಸಿನ ತಲೆಗೆ ಕುಲಾಯಿ, ಅದರ ಮೇಲೆ ಕುಂಚಿಗೆ, ಅದರ ಮೇಲೆ ನನ್ನ ತವರಿನ ಕರಿ ಕಂಬಳಿಯ ತುಂಡು. ಮೇಲೆ ಪತ್ರಾಸು ಕಾದು ಚಟಚಟ ಅನ್ನುತ್ತಿತ್ತು. ಆಶಾ ಕಾರ್ಯಕರ್ತೆ ಬಂದು "ಅವ್ವಾರ, ಇದು ಚಳಿಗಾಲ ಅಲ್ರಿ, ಕಿಡಕಿ ತಗೀರಿ" ಎಂದಳು. ನಿನ್ನಷ್ಟು ವಯಸ್ಸಿನವಳಿಂದ ನಾನು ಕಲಿಯಬೇಕೇ ಎಂದು ಅವಳನ್ನು ಬಾಗಿಲಿಂದಲೇ ಹೊರಗೆ ಕಳಿಸಿದೆ. ನನ್ನ ಅತ್ತೆ ನನಗೆ ಹೀಗೇ ಮಾಡಿದ್ದಳು, ನಾನು ಇನ್ನೂರು ಮನೆಯಲ್ಲಿ ಹೀಗೇ ಮಾಡಿಸಿದ್ದೆ. ಆದರೆ ಆ ಮನೆಗಳು ಮಣ್ಣಿನ ಮಾಳಿಗೆಯವು, ಒಳಗೆ ಹೊಕ್ಕರೆ ತಂಪು. ಆಗಿನ ಬೇಸಿಗೆಯೂ ಇಂಥದಿರಲಿಲ್ಲ. ಈ ಲೆಕ್ಕ ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ನಾನು ಬಿಸಿನೀರು ತರಲು ಹಿತ್ತಲಿಗೆ ಹೋದಾಗ ನೀನು ಅರಿವೆ ಕಿತ್ತು ಕಿಟಕಿ ತೆರೆದೆ. ಕಂಬಳಿ ತೆಗೆದು, ಸೆರಗನ್ನು ಕುಡಿಯುವ ನೀರಿನಲ್ಲಿ ಅದ್ದಿ, ಕೂಸಿನ ಮೈಮೇಲೆ ಹಾಕಿಕೊಂಡು ಕುಳಿತಿದ್ದೆ. ಕೂಸು ಅಳು ನಿಲ್ಲಿಸಿತ್ತು, ನಿನ್ನ ಮೊಲೆ ಹಿಡಿದಿತ್ತು. ನಾನು ಬಂದವಳು ಕೂಸನ್ನು ಕಿತ್ತುಕೊಂಡೆ. "ಎಂಥಾ ತಾಯಿ ಬೇ ನೀ, ಥಂಡಿ ಹಿಡಿಸಿ ಕೊಲ್ತಿ ಏನು?" ಎಂದೆ. ಕಿಟಕಿ ಮುಚ್ಚಿದೆ, ಮೊದಲಿಗಿಂತ ಬಿಗಿಯಾಗಿ ಸುತ್ತಿದೆ, ಅಗ್ಗಿಷ್ಟಿಗೆಗೆ ಇನ್ನೆರಡು ಕೆಂಡ ಹಾಕಿದೆ. ನೀನು ಮತ್ತೆ ತೆಗೆಯಬಾರದೆಂದು ಅಲ್ಲಿಯೇ ಬಾಗಿಲಿಗೆ ಅಡ್ಡ ಕುಳಿತೆ. ನೀನು ನನ್ನ ಮೊಣಕಾಲು ಹಿಡಿದು "ಅತ್ತಿ, ಕೂಸಿನ ಮೈ ಹಂಚಿನಂಗ ಕಾದೈತ್ರಿ, ಕಿಡಕಿ ತಗೀರಿ, ನಿಮ್ಮ ಕಾಲಿಗೆ ಬೀಳ್ತೇನ್ರಿ" ಎಂದೆ. ಹಸಿ ಬಾಣಂತಿಗೆ ಗಾಳಿ ತಲೆಗೇರಿ ಹೀಗೆ ಆಡುತ್ತಾಳೆ ಎಂದುಕೊಂಡೆ. ನಾಲ್ಕು ಗಂಟೆಗೆ ಕೂಸು ಸೊರಗಿ ಬಿತ್ತು. ಬೀರೇಶ ಓಣಿಯ ಮಶಾಕಸಾಬರ ಗಾಡಿ ಇಸಿದುಕೊಂಡು ಬಂದ, ನಾನು ಕೂಸನ್ನು ಎತ್ತಿಕೊಂಡು ಹತ್ತಿದೆ, ಬಾಣಂತಿ ಬಿಸಿಲಿಗೆ ಬರಬಾರದೆಂದು ನಿನ್ನನ್ನು ಮನೆಯಲ್ಲೇ ಬಿಟ್ಟೆ. ದವಾಖಾನೆಗೆ ಹೋದ ಅರ್ಧ ತಾಸಿಗೆ ಅದು ನನ್ನ ತೊಡೆಯ ಮೇಲೆಯೇ ತೀರಿತು. ಇನ್ನು ನಾಲ್ಕು ದಿನ ಇದ್ದಿದ್ದರೆ ತೊಟ್ಟಿಲಿಗೆ ಹಾಕಿ ಹೆಸರಿಡುತ್ತಿದ್ದೆವು. ಹೆಸರೂ ಇಲ್ಲದೆ ಹೋಯಿತು ನಿನ್ನ ಮಗಳು. ಥಂಡಿ ಬಡೆಯಿತು, ಸೊಸೆ ಕಿಟಕಿ ತೆಗೆದು ಹಸಿ ಸೆರಗು ಹಾಕಿದಳು ಎಂದು ಅಳುತ್ತಲೇ ಎಲ್ಲರಿಗೂ ಹೇಳಿದೆ. ಊರು ನಂಬಿತು. ಬೀರೇಶನೂ ನಂಬಿದ. ಕಡೆಗೆ ನೀನೂ ನಂಬಿದೆಯಲ್ಲ ತಂಗಿ. ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ, ಕುಪ್ಪಸ ಹಾಲಿಗೆ ತೊಯ್ದು ತೊಟ್ಟಿಕ್ಕುತ್ತಿತ್ತು, "ನಾನ ಕೊಂದ್ನೇನ್ರಿ ಅತ್ತಿ?" ಎಂದು ಕೇಳಿದೆ. ಅಲ್ಲ ಎನ್ನದೆ ನಾನು ಎದ್ದು ಹಿತ್ತಲಿಗೆ ಹೋದೆ.

ಹಕ್ಕಿಯ ಕಡೆಗೆ ಬರುತ್ತೇನೆ. ಅಂದಿನಿಂದ ಕಟ್ಟಿಗೆಯ ನೆವವೂ ಬೇಡವಾಯಿತು. ಕುಳಿತು ನೋಡಿದೆ. ಅವು ಎರಡಿದ್ದವು, ಗಂಡು ಹೆಣ್ಣು ಯಾವುದೆಂದು ನನಗೆ ಗುರುತು ಹತ್ತಲಿಲ್ಲ, ಎರಡೂ ಪಾಳಿ ಹಚ್ಚಿ ಕೆಲಸ ಮಾಡುತ್ತಿದ್ದವು. ಬೆಳಿಗ್ಗೆ ತಂಪಿದ್ದಾಗ ತತ್ತಿಯ ಮೇಲೆ ಮೈ ಊರಿ ಕೂರುತ್ತವೆ, ಎಲ್ಲ ಹಕ್ಕಿಗಳ ಹಾಗೆ. ಹೊತ್ತು ಏರಿದ ಮೇಲೆ ಕೂರುವುದಿಲ್ಲ, ಎದ್ದು ನಿಲ್ಲುತ್ತವೆ. ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಸ್ವಲ್ಪ ಸಡಿಲ ಬಿಟ್ಟು, ಬಾಯಿ ತೆರೆದು ತೇಕುತ್ತ, ತಮ್ಮ ನೆರಳು ತತ್ತಿಯ ಮೇಲೆ ಬೀಳುವ ಹಾಗೆ. ನೆರಳು ಸರಿದಂತೆ ತಾವೂ ಸರಿಯುತ್ತವೆ. ಒಂದು ನಿಂತಿರುವಾಗ ಇನ್ನೊಂದು ಹೊಂಡಕ್ಕೆ ಹೋಗಿ ಹೊಟ್ಟೆ ತೋಯಿಸಿಕೊಂಡು ಬರುತ್ತದೆ, ಬಂದು ತತ್ತಿಯನ್ನು ಒದ್ದೆ ಮಾಡುತ್ತದೆ, ಇದು ಹೋಗುತ್ತದೆ. ಒಂದು ಮಧ್ಯಾಹ್ನ ಇಪ್ಪತ್ತರವರೆಗೆ ಎಣಿಸಿ ಬಿಟ್ಟೆ. ಹಕ್ಕಿ ತತ್ತಿಗೆ ಕಾವು ಕೊಡುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಈ ಹಕ್ಕಿ ಕಾವು ತೆಗೆಯುತ್ತಿತ್ತು. ಸುಡುವ ನೆಲದ ಮೇಲೆ ಹಡೆದವಳಿಗೆ ತಾಯ್ತನ ಎಂದರೆ ಬೆಚ್ಚಗಿಡುವುದಲ್ಲ, ತಣ್ಣಗಿಡುವುದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನೀನು ಒಂದು ಸೆರಗಿನಿಂದ ಮಾಡಿದ್ದನ್ನು ಅದು ಹೊಟ್ಟೆಯಿಂದ ಮಾಡುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ತಿಳಿಯಿತು ಸೀಮಾ, ನಮ್ಮ ಕೂಸು ಥಂಡಿಗೆ ಹೋದದ್ದಲ್ಲ.

ತಿಳಿದ ಮೇಲಾದರೂ ನಾನು ನೆಟ್ಟಗಾಗಬೇಕಿತ್ತು. ಏಪ್ರಿಲ್ ಮುಗಿಯುತ್ತ ಬಂದಿತು. ಬಿಸಿಲು ನಲವತ್ತೊಂದು ಎಂದು ಬೀರೇಶ ಮೊಬೈಲಿನಲ್ಲಿ ತೋರಿಸಿದ. ಹೊಂಡದ ನೀರು ಇಳಿದು ತಳದಲ್ಲಿ ಹಸಿರು ರಾಡಿಯಷ್ಟೇ ಉಳಿಯಿತು. ಹಕ್ಕಿ ದೂರದ ಕೆರೆಗೆ ಹೋಗಿ ಬರುವಷ್ಟರಲ್ಲಿ ಅದರ ಹೊಟ್ಟೆ ಒಣಗಿರುತ್ತಿತ್ತು. ನಾನು ಮನೆಯಿಂದ ಕೊಡದಲ್ಲಿ ನೀರು ಹೊತ್ತು, ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಾಸಿ, ಒಂದು ತಗ್ಗು ತುಂಬಿಸತೊಡಗಿದೆ. ಹಾವನೂರಿಗೆ ಹೋಗುವ ಟೆಂಪೋದವರು ನಿಲ್ಲಿಸಿ "ಯವ್ವಾ, ಯಾವ ಬೆಳಿಗೆ ನೀರು ಹಾಕಾಕತ್ತಿ?" ಎಂದು ಕೇಳಿ ನಕ್ಕರು. ನಗಲಿ. ಹಕ್ಕಿ ಎರಡು ದಿನ ಹೆದರಿ ಮೂರನೆಯ ದಿನ ಆ ತಗ್ಗಿನಲ್ಲಿ ಕುಳಿತಿತು. ಅಂದು ನಾನು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ, ವರ್ಷದ ಮೇಲೆ. ತತ್ತಿ ಒಡೆದು ಮರಿ ಬರಲಿ, ಆಮೇಲೆ ಸೀಮಾಗೆ ಕಾಗದ ಬರೆಯುತ್ತೇನೆ ಎಂದು ಮನಸ್ಸಿನಲ್ಲಿ ಬೇಡಿಕೊಂಡಿದ್ದೆ. ಬರಿಗೈಯಲ್ಲಿ ನಿನ್ನ ಮುಂದೆ ಬರಲು ನಾಚಿಕೆ, ನಾಲ್ಕು ಜೀವ ಉಳಿಸಿದೆ ಎಂಬ ಮಾತನ್ನಾದರೂ ತರೋಣ ಎಂದು. ನೋಡು, ಪಶ್ಚಾತ್ತಾಪದಲ್ಲಿಯೂ ನನಗೆ ಹೆಸರು ಬೇಕಾಗಿತ್ತು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಹೋದಾಗ ಎರಡು ಕಾಗೆ ತತ್ತಿಯ ಹತ್ತಿರ ಕುಪ್ಪಳಿಸುತ್ತಿದ್ದವು. ಓಡಿಸಿದೆ. ಮತ್ತೆ ಬಂದವು. ಇನ್ನು ಮೂರೋ ನಾಲ್ಕೋ ದಿನದ ಮಾತು, ನಾನೇ ಕಾಯುತ್ತೇನೆ ಎಂದು ಕೊಡೆ ಬಿಚ್ಚಿ ಗೂಡಿನಿಂದ ಎಂಟು ಹತ್ತು ಹೆಜ್ಜೆಯಲ್ಲಿ ಕುಳಿತೆ. ಕಾಗೆ ಹೋದವು. ಹಕ್ಕಿ ಎರಡೂ ತಲೆಯ ಮೇಲೆ ಸುತ್ತಿ ಸುತ್ತಿ ಒದರುತ್ತಿದ್ದವು. ಕಾಗೆಗೆ ಒದರುತ್ತಿವೆ ಎಂದುಕೊಂಡು "ನಾ ಅದೇನಿ, ಯಾಕ ಅಂಜ್ತೀರಿ" ಎಂದು ಸಮಾಧಾನ ಹೇಳಿದೆ. ಹನ್ನೊಂದು ಗಂಟೆಯ ಕುಂದಗೋಳದ ಬಸ್ಸು ಹೋಯಿತು, ಒಂದು ಗಂಟೆಯದೂ ಹೋಯಿತು. ಅವು ಒದರುತ್ತಲೇ ಇದ್ದವು. ಒಂದು ಹಕ್ಕಿ ನನ್ನ ಕೊಡೆಗೆ ತಾಗುವಷ್ಟು ಕೆಳಗೆ ಬಂತು, ಹೊಟ್ಟೆಯಿಂದ ಒಂದು ಹನಿ ನೀರು ನನ್ನ ಕೈ ಮೇಲೆ ಬಿತ್ತು. ಆಗ ಹೊಳೆಯಿತು. ಅದು ತೊಯ್ದುಕೊಂಡು ಬಂದು ಬಂದು, ಇಳಿಯಲು ನನ್ನ ಅಂಜಿಕೆಯಿಂದ ಆಗದೆ, ಮೇಲೆಯೇ ಒಣಗುತ್ತಿತ್ತು. ಅದು ಒದರುತ್ತಿದ್ದದ್ದು ಕಾಗೆಗಲ್ಲ, ನನಗೆ. ಎದ್ದು ಹೋಗಿ ತತ್ತಿ ಮುಟ್ಟಿದೆ. ನಿನ್ನ ಮಾತೇ ಅದು, ಹಂಚಿನ ಹಾಗೆ ಕಾದಿದ್ದವು. ನಮ್ಮ ಭಾಷೆಯಲ್ಲಿ ಹೊಲವನ್ನೂ ಕಾಯುತ್ತೇವೆ, ನೀರೂ ಕಾಯುತ್ತದೆ, ಎರಡಕ್ಕೂ ಒಂದೇ ಮಾತು. ನಾನು ಎರಡು ಸಲ ಕಾಯಲು ಕುಳಿತೆ, ಎರಡು ಸಲವೂ ಕಾಯಿಸಿ ಕೊಂದೆ.

ನಾನು ದೂರ ಸರಿದ ಕೂಡಲೇ ಹಕ್ಕಿ ಇಳಿದು ಬಂದು ಒದ್ದೆ ಹೊಟ್ಟೆ ಊರಿತು. ತತ್ತಿ ಒಡೆಯಲಿಲ್ಲ. ಅವು ನಾಲ್ಕು ದಿನ ಬಿಡಲಿಲ್ಲ ಸೀಮಾ. ನೀರಿಗೆ ಹೋಗುವುದು, ತೊಯ್ದು ಬರುವುದು, ಸತ್ತ ತತ್ತಿಗೆ ನೆರಳು ಹಿಡಿದು ನಿಲ್ಲುವುದು. ನಾನು ಬನ್ನಿಗಿಡದ ಆಚೆಯಿಂದ ನೋಡುತ್ತಿದ್ದೆ, ತಗ್ಗಿಗೆ ನೀರು ಹಾಕಿ ಹಿಂದೆ ಸರಿಯುತ್ತಿದ್ದೆ, ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಐದನೆಯ ದಿನ ಅವು ಇರಲಿಲ್ಲ. ತತ್ತಿಗಳನ್ನು ಅಲ್ಲಿಯೇ ತೋಡಿ ಮುಚ್ಚಿದೆ. ಹೋದ ವರ್ಷ ಕೂಸನ್ನು ಮಣ್ಣು ಮಾಡಿದಾಗ ನಿನ್ನನ್ನು ಕರೆದೊಯ್ಯಲಿಲ್ಲ, ಹೆಣ್ಣುಮಕ್ಕಳು ಬರಬಾರದು ಎಂದೆ. ಮೊನ್ನೆ ನಾನೊಬ್ಬಳೇ ಆ ಎರೆಮಣ್ಣಿನಲ್ಲಿ ಕುಳಿತು ಎರಡಕ್ಕೂ ಸೇರಿಸಿ ಅತ್ತೆ.

ಇನ್ನೊಂದಿದೆ, ಅದು ಆಗದಿದ್ದರೆ ಈ ಕಾಗದ ಇವತ್ತೂ ಬರೆಯುತ್ತಿರಲಿಲ್ಲ. ನಿನ್ನೆ ಓಟು ಹಾಕಿ ಬರುವಾಗ ಮಶಾಕಸಾಬರ ಹೆಂಡತಿ ಹಲೀಮಾಬಿ ಕರೆದಳು. ಅವರ ಮಗಳು ಶಬೀನಾ ಹಡೆದು ಆರು ದಿನ, ಕೂಸಿಗೆ ನೀರು ಹಾಕಬೇಕಂತೆ. ನಾನು ವರ್ಷದಿಂದ ಯಾವ ಮನೆಗೂ ಹೋಗಿಲ್ಲ. ಮೈ ಸರಿಯಿಲ್ಲ ಎಂದು ನೆವ ಹೇಳುತ್ತ ಬಂದಿದ್ದೇನೆ. ಆದರೆ ಕೂಸಿನ ಅಳು ಹೊರಗಿನವರೆಗೆ ಕೇಳಿಸಿತು, ಕಾಲು ತಾವೇ ಒಳಗೆ ಹೋದವು. ಅದೇ ಪತ್ರಾಸು, ಅದೇ ಮುಚ್ಚಿದ ಕಿಟಕಿ, ಲೋಬಾನದ ಹೊಗೆ, ಟೋಪಿ, ರಗ್ಗು. ಶಬೀನಾ ಬೆವರಿನಲ್ಲಿ ತೊಯ್ದಿದ್ದಳು, ಕಣ್ಣು ನಿನ್ನ ಕಣ್ಣಿನ ಹಾಗೇ ಇದ್ದವು. ನಾನು ಯಾರನ್ನೂ ಕೇಳದೆ ಕಿಟಕಿಯ ಎರಡೂ ಬಾಗಿಲು ತೆರೆದೆ, ರಗ್ಗು ತೆಗೆದೆ, ಕೂಸಿನ ಟೋಪಿ ಬಿಚ್ಚಿದೆ, ಅರಿವೆ ಒದ್ದೆ ಮಾಡಿ ಮೈ ಒರೆಸಿದೆ. ಹಲೀಮಾಬಿ ಗಾಬರಿಯಾದಳು. "ಅಲ್ರಿ ಮೈಲಾರವ್ವ, ನಿಮ್ಮ ಸೀಮಾನೂ ಹಿಂಗ ಮಾಡಿ ಕೂಸು ಕಳಕೊಂಡ್ಲಂತ ನೀವ ಹೇಳಿದ್ರಲ್ರಿ?" ಎಂದಳು. ಕೋಣೆಯಲ್ಲಿ ನಾಲ್ಕು ಮಂದಿ ಹೆಂಗಸರಿದ್ದರು. ಎಲ್ಲರೂ ನನ್ನ ಬಾಯಿ ನೋಡಿದರು. "ಸೀಮಾ ಮಾಡಿದ್ದು ಖರೇ ಇತ್ತು. ನಾ ಹೇಳಿದ್ದು ಸುಳ್ಳು" ಎಂದೆ. ಕೂಸಿಗೆ ನೀರು ಹಾಕಿ ನೆರಳಲ್ಲಿ ಮಲಗಿಸಿ ಬಂದೆ. ಅದು ಸಂಜೆಯವರೆಗೂ ಹಾಯಾಗಿ ನಿದ್ದೆ ಮಾಡಿತಂತೆ, ಹಲೀಮಾಬಿ ಬಂದು ಹೇಳಿ ಹೋದಳು. ಬೀರೇಶನಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ನಿನ್ನೆ ಅವನು ಟ್ರ್ಯಾಕ್ಟರ್ ತೆಗೆದುಕೊಂಡು ಅಣ್ಣಿಗೇರಿಯ ಕಡೆಗೆ ಹೋದವನು ತಡವಾಗಿ ಬಂದು ಮಲಗಿದ.

ತಿರುಗಿ ಬಾ ಎಂದು ಬರೆಯುವುದಿಲ್ಲ. ಆ ಮಾತು ಕೇಳುವ ಹಕ್ಕು ನನಗಿಲ್ಲ. ನಿನ್ನ ದಾರಿ ಕಾಯುತ್ತೇನೆ ಎಂದೂ ಬರೆಯುವುದಿಲ್ಲ, ನಾನು ಕಾದರೆ ಏನಾಗುತ್ತದೆಂದು ನೋಡಿದೆಯಲ್ಲ. ಕ್ಷಮಿಸು ಎಂದರೂ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಿದ ಹಾಗೆ. ಒಂದು ಮಾತು ಮಾತ್ರ ಕೇಳು. ರಾತ್ರಿ ಮಲಗುವಾಗ ನಾನೇ ಕೊಂದೆ ಎಂದು ಇನ್ನು ಮೇಲೆ ಅಂದುಕೊಳ್ಳಬೇಡ. ನಿನ್ನ ಸೆರಗು ಕೂಸಿನ ಮೈಮೇಲೆ ಇದ್ದಷ್ಟು ಹೊತ್ತೇ ಅದಕ್ಕೆ ಈ ಲೋಕದಲ್ಲಿ ಸಿಕ್ಕ ತಂಪು.

ಅಣ್ಣನಿಗೂ ಅತ್ತಿಗೆಗೂ ನಾನು ಕೇಳಿದೆನೆಂದು ಹೇಳು. ಊರಿನ ಎಲ್ಲ ಹುಡುಗಿಯರಿಗೂ "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹರಸಿದ್ದೇನೆ, ಬಾಯಿಪಾಠದ ಹಾಗೆ. ಅದರ ಅರ್ಥ ತಿಳಿದು ಹರಸುತ್ತಿರುವುದು ಇದೇ ಮೊದಲು. ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ.

ನಿನ್ನ ಅತ್ತೆ,
ಮೈಲಾರವ್ವ

ತಾ.ಕ.: ಬೀರೇಶ ಕುಂದಗೋಳಕ್ಕೆ ಹೊರಟಿದ್ದಾನೆ, ಬೈಕ್ ಚಾಲೂ ಮಾಡಿ ಬಾಗಿಲಲ್ಲಿ ನಿಂತು ಕಾಗದ ಕೊಡು ಎನ್ನುತ್ತಿದ್ದಾನೆ. ಅವಸರದಲ್ಲಿ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಉಳಿದಿದೆ. ಹಕ್ಕಿಯನ್ನು ನೋಡಿದ ಮೇಲೆ ತಿಳಿಯಿತು ಎಂದು ಬರೆದೆ. ಇಲ್ಲ, ನನಗೆ ಅಂದೇ ಗೊತ್ತಿತ್ತು. ಬೀರೇಶ ಹೊರಗೆ ಗಾಡಿ ನಿಲ್ಲಿಸುತ್ತಿದ್ದಾಗ ಡಾಕ್ಟರು ನನ್ನೊಬ್ಬಳಿಗೇ ಹೇಳಿದರು, "ಥಂಡಿ ಅಲ್ಲವ್ವ ಇದು, ಮೈ ಕಾವು ಏರೇತಿ. ಇಷ್ಟು ಸುತ್ತಿದವರು ಯಾರು?" ನಾನು "ಅದರ ತಾಯಿ" ಎಂದೆ. ಬೀರೇಶ ಒಳಗೆ ಬಂದು ಏನಂದರು ಎಂದು ಕೇಳಿದಾಗ ಥಂಡಿ ಬಡೆದಿದೆ ಅಂದರು ಎಂದೆ. ಡಾಕ್ಟರ ಚೀಟಿ ಒಂದು ವರ್ಷ ನನ್ನ ಎಲೆಅಡಿಕೆಯ ಸಂಚಿಯಲ್ಲಿತ್ತು, ಸುಣ್ಣದ ಕಲೆ ಹತ್ತಿದೆ, ಇದರ ಜೊತೆ ಇಟ್ಟಿದ್ದೇನೆ. ಇಂಗ್ಲಿಷು ನನಗೆ ಬರುವುದಿಲ್ಲ, ಆದರೆ ಅದರಲ್ಲಿರುವ 106 ಎಂಬ ಅಂಕಿ ಓದಲು ಬರುತ್ತದೆ. ಲಕೋಟೆ ಅಂಟಿಸಿಲ್ಲ. ಹಾಗೇ ಬೀರೇಶನ ಕೈಗೆ ಕೊಡುತ್ತಿದ್ದೇನೆ. ಮೊದಲು ಅವನು ಓದಲಿ, ಆಮೇಲೆ ಅಂಟಿಸಲಿ.